ಏಳನೆಯ ಡಬ್ಬಿ, ಎಂಟನೆಯ ಡಬ್ಬಿ

ದೇವಿಕೊಪ್ಪದಲ್ಲಿ ನಮ್ಮವರದೊಂದು ಸೀಮಂತವಿತ್ತು. ಧಾರವಾಡದಿಂದ ಕಾರಿನಲ್ಲಿ ಹೊರಟವರು ದುಮ್ಮವಾಡ ಮುಟ್ಟುವಷ್ಟರಲ್ಲಿ ಮಳೆಗೆ ಸಿಕ್ಕೆವು. ದಾರಿಬದಿಯ ಚಹಾದಂಗಡಿಯವನು ಮುಂದಕ್ಕೊಂದು ತಾಡಪತ್ರಿ ಕಟ್ಟಿದ್ದ. ಅದರ ಕೆಳಗೆ ಹೋಗಿ ನಿಂತೆವು. ಮೂರು ತಿಂಗಳು ಬಿಸಿಲಿಗೆ ಕಾದ ತಾಡಪತ್ರಿ ಮೊದಲ ಮಳೆಗೆ ನೆನೆದಾಗ ಒಂದು ವಾಸನೆ ಬರುತ್ತದೆ. ಡಾಂಬರಿನದೂ ಹೌದು, ಧೂಳಿನದೂ ಹೌದು. ಆ ವಾಸನೆ ನನ್ನನ್ನು ಐವತ್ತು ವರ್ಷ ಹಿಂದಕ್ಕೆ ಎಳೆದುಕೊಂಡು ಹೋಯಿತು. ನಾನು ಬೇಡವೆಂದರೂ ಅದು ಕೇಳುತ್ತಿರಲಿಲ್ಲ.

ಅದೇ ಹೊತ್ತಿಗೆ ತಂಗಿಯ ಮೊಮ್ಮಗಳು ಶ್ರಾವಣಿ ಮೊಬೈಲನ್ನು ನನ್ನ ಮೂಗಿನ ಮುಂದೆ ಹಿಡಿದಳು. "ಅಜ್ಜಿ, ನಿಮ್ಮ ಕಾಲದ ಪಿಕ್ಚರ್ ಅದ ನೋಡ್ರಿ. ಹತ್ತು ಪ್ರಶ್ನೆ ಅವ. ನೀವು ಖರೇ ಅಭಿಮಾನಿ ಹೌದೋ ಅಲ್ಲೋ ಅಂತ ಇದು ಹೇಳ್ತದ."

ಚಿತ್ರದ ಹೆಸರು ನೋಡಿ ಅವಳ ಪಕ್ಕಕ್ಕೆ ಸರಿದು ನಿಂತೆ. ಆರು ಪ್ರಶ್ನೆಗಳಿಗೆ ಪಟಪಟನೆ ಉತ್ತರ ಹೇಳಿದೆ. ಅವಳು ಒತ್ತುತ್ತ ಹೋದಳು, ಆರೂ ಹಸಿರಾದವು. ಏಳನೆಯದನ್ನು ಓದಿ, ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದೆ.

"ಯಾಕ ಅಜ್ಜಿ, ಗೊತ್ತಿಲ್ಲೇನು?"

"ಗೊತ್ತದ. ತಡಿ, ಮಳಿ ನಿಲ್ಲಲಿ," ಎಂದೆ.

ನನಗೆ ಇಪ್ಪತ್ಮೂರು ವರ್ಷವಿದ್ದಾಗ ದುಮ್ಮವಾಡದ ಪ್ರಾಥಮಿಕ ಶಾಲೆಗೆ ನೇಮಕವಾಯಿತು. ಎಪ್ಪತ್ತರ ದಶಕದ ನಟ್ಟನಡುವೆ ಎಂದರೆ ಸಾಕು. ಧಾರವಾಡದ ಓಣಿಯಲ್ಲಿ ಬೆಳೆದ ಹುಡುಗಿ ನಾನು. ಊರಿಗೆ ಬಂದು ಇಳಿದಾಗ ಒಂದು ಹಾಸಿಗೆ ಸುರುಳಿ, ಒಂದು ಸ್ಟೋವ್, ಸಾಕಷ್ಟು ಸೊಕ್ಕು ಇಷ್ಟೇ ನನ್ನ ಸಾಮಾನು. ಅಚ್ಚಾದದ್ದೆಲ್ಲ ಸತ್ಯ, ಬಾಯಿಂದ ಬಂದದ್ದೆಲ್ಲ ಗಾಳಿಮಾತು ಎಂದು ನಂಬಿದ್ದ ವಯಸ್ಸು ಅದು.

ನನಗೆ ಬಾಡಿಗೆಗೆ ಸಿಕ್ಕದ್ದು ನೀಲವ್ವನ ಮನೆಯ ಮುಂದಿನ ಖೋಲಿ. ನೀಲವ್ವನಿಗೆ ಆಗ ಮೂವತ್ತೈದು ಇದ್ದೀತು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ನಾಲ್ಕೆಕರೆ ಹೊಲವನ್ನೂ ಕಾಲು ಸ್ವಾಧೀನ ತಪ್ಪಿ ಹಾಸಿಗೆ ಹಿಡಿದ ತಾಯಿಯನ್ನೂ ಒಬ್ಬಳೇ ನೋಡಿಕೊಂಡಿದ್ದಳು. ಅಕ್ಷರ ಬರುತ್ತಿರಲಿಲ್ಲ. ಆದರೆ ಒಮ್ಮೆ ನೋಡಿದ್ದನ್ನು ಮರೆಯುವ ಹೆಂಗಸಲ್ಲ. ನಾನು ಬಂದ ಮೊದಲ ದಿನ ಉಟ್ಟಿದ್ದ ಸೀರೆಯ ಅಂಚಿನಲ್ಲಿ ಎಷ್ಟು ಗೆರೆ ಇದ್ದವೆಂದು ಆರು ತಿಂಗಳಾದ ಮೇಲೆ ಹೇಳಿದಳು. ಸೀರೆ ತೆಗೆದು ಎಣಿಸಿದೆ. ಸರಿ ಇತ್ತು.

ಆ ಬೇಸಿಗೆ ಭತ್ತ ಕೊಯ್ದ ಗದ್ದೆಯಲ್ಲಿ ಟೂರಿಂಗ್ ಟಾಕೀಸು ಬಂದು ಡೇರೆ ಹೊಡೆಯಿತು. ಕೂಳೆಯ ಮೇಲೆ ನೀರು ಹೊಡೆದು, ತುಳಿದು, ನೆಲ ಮಾಡಿದರು. ನಡುವೆ ಹಗ್ಗ ಕಟ್ಟಿ ಅರಿವೆ ಇಳಿಬಿಟ್ಟರು. ಈ ಕಡೆ ಹೆಂಗಸರು, ಆ ಕಡೆ ಗಂಡಸರು. ಹಿಂದೆ ತಾಡಪತ್ರಿಯ ಗೂಡಿನಲ್ಲಿ ಮಷೀನು. ಅದನ್ನು ನಡೆಸುವವನು ಬಾಬುಸಾಬ್, ಮಾತು ಕಡಿಮೆಯ ಮನುಷ್ಯ. ವಾರಕ್ಕೊಂದು ಚಿತ್ರ ಬದಲಾಗಬೇಕಿತ್ತು. ಆದರೆ ಎರಡನೆಯ ವಾರ ಬಂದ ಚಿತ್ರವನ್ನು ಊರು ಬಿಡಲೇ ಇಲ್ಲ. ಬೇರೆ ಚಿತ್ರ ಹಾಕಿದರೆ ಡೇರೆ ಖಾಲಿ, ಇದನ್ನು ಹಾಕಿದರೆ ತಂಬೂರ ಹಳ್ಳಿಯಿಂದಲೂ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಅದಕ್ಕೊಂದು ಉದ್ದನೆಯ, ದೊಡ್ಡ ಹೆಸರಿತ್ತು. ನಮ್ಮೂರಲ್ಲಿ ಆ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಎಲ್ಲರಿಗೂ ಅದು ಟ್ರಂಕಿನ ಪಿಕ್ಚರ್. ಚಿತ್ರದಲ್ಲಿ ಒಬ್ಬ ತಾಯಿ, ಇಬ್ಬರು ಮಕ್ಕಳು. ಕಿರಿಯವನು ಪಟ್ಟಣದ ಗಿರಣಿಗೆ ದುಡಿಯಲು ಹೋದವನು, ಎಲ್ಲಿಗೆ ಹೋದರೂ ಕೈಯಲ್ಲಿ ಒಂದು ತಗಡಿನ ಟ್ರಂಕು.

ಡೇರೆಯಲ್ಲಿ ಇದ್ದದ್ದು ಒಂದೇ ಮಷೀನು. ಹೀಗಾಗಿ ಒಂದು ಡಬ್ಬಿಯ ರೀಲು ಮುಗಿದೊಡನೆ ದೀಪ ಹತ್ತುತ್ತಿತ್ತು. ಬಾಬುಸಾಬ್ ಮುಂದಿನ ಡಬ್ಬಿ ತೆರೆದು ರೀಲು ಹಚ್ಚುವವರೆಗೆ ನಾಲ್ಕೈದು ನಿಮಿಷ ಪುರುಸೊತ್ತು. ಆ ಪುರುಸೊತ್ತಿನಲ್ಲಿ ಊರವರು ಒಂದು ಆಟ ಹೂಡಿಕೊಂಡರು. ಲಾವಣಿ ಮೇಳಗಳಲ್ಲಿ ಹೆಣ್ಣು ಹೆಚ್ಚೋ ಗಂಡು ಹೆಚ್ಚೋ ಎಂದು ಸವಾಲು-ಜವಾಬು ನಡೆಯುವುದನ್ನು ಕೇಳಿ ಬೆಳೆದ ಜನ. ಇಲ್ಲಿಯೂ ಅರಿವೆಯ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಚಿತ್ರದ ಮೇಲೆ ಸವಾಲು ಹಾಕತೊಡಗಿದರು. ಸೋತ ಕಡೆಯವರು ಮುಂದಿನ ಡಬ್ಬಿ ಮುಗಿಯುವವರೆಗೆ ತುಟಿ ಬಿಚ್ಚುವಂತಿಲ್ಲ.

ಗಂಡಸರ ಕಡೆಯ ಹುಲಿ ರುದ್ರಪ್ಪ, ಊರಿನ ಟೇಲರು. ಅವನ ಸವಾಲೆಲ್ಲ ಬಟ್ಟೆಯವೇ.

"ಎರಡನೇ ಹಾಡಿನ್ಯಾಗ ಹಿರೇ ಮಗನ ಅಂಗಿಗೆ ಎಷ್ಟು ಗುಂಡಿ?"

"ಐದು. ನಡುವಿಂದು ಕಿತ್ತೈತಿ, ಕರೇ ದಾರದಾಗ ಹಚ್ಯಾರ," ಎಂದು ನೀಲವ್ವ ಕೂತಲ್ಲಿಂದಲೇ ಹೇಳುವಳು. ಆಮೇಲೆ ಅವಳ ಸರದಿ. "ತಾಯಿ ಒಲಿ ಮುಂದ ಕುಂತಾಗ ಒಲಿ ಮ್ಯಾಲೆ ಏನಿತ್ತು?"

"ಗಡಿಗಿ."

"ಗಡಿಗಿ ನನಗೂ ಗೊತ್ತೈತಿ. ಮ್ಯಾಲೆ ಮುಚ್ಚಿದ್ದೇನು?"

ಈ ಕಡೆ ನಗು. ರುದ್ರಪ್ಪ ಮುಂದಿನ ಡಬ್ಬಿ ಪೂರ್ತಿ ಬಾಯಿ ಮುಚ್ಚಿಕೊಂಡು ಕೂಡಬೇಕು. ಮುಚ್ಚಿದ್ದು ಒಡೆದ ಹಂಚಿನ ತುಂಡು ಎಂದು ಮರುದಿನ ನೋಡಿ ತಿಳಿದುಕೊಂಡ.

ನೀಲವ್ವ ಇಷ್ಟು ಸಲ ಯಾಕೆ ಹೋಗುತ್ತಾಳೆಂದು ನನಗೆ ತಿಳಿದದ್ದು ಒಂದು ಮಧ್ಯಾಹ್ನ, ಹುಣಸೆಹಣ್ಣು ಜಜ್ಜಿ ಬೀಜ ತೆಗೆಯುತ್ತ ಕೂತಾಗ.

"ಮೂರನೇ ಡಬ್ಬಿಯೊಳಗ ಸಂತಿ ಬರ್ತೈತಲ್ರೀ ಅಕ್ಕೋರ," ಎಂದಳು. "ಹಿರೇ ಮಗ ಬಳಿ ತಗೊಳ್ಳಾಕ ನಿಂತಿರ್ತಾನ. ಅವನ ಹಿಂದ ಒಬ್ಬಾಂವ ತಕ್ಕಡಿ ಹಿಡಕೊಂಡು ಉಳ್ಳಾಗಡ್ಡಿ ತೂಗತಿರ್ತಾನ. ಅಂವ ನಮ್ಮ ಮಲ್ಲೇಶಿ. ನನ್ನ ತಮ್ಮ."

ಮಲ್ಲೇಶಿ ನಾಟಕ ಕಂಪನಿಯ ಬೆನ್ನು ಹತ್ತಿ ಊರು ಬಿಟ್ಟವನು. ಅಲ್ಲಿಂದ ಮದ್ರಾಸಿಗೆ ಹೋದನೆಂದು ಒಂದು ಕಾಗದ ಬಂದಿತ್ತಂತೆ. ಆಮೇಲೆ ನಾಲ್ಕು ವರ್ಷ ಸುದ್ದಿಯೇ ಇಲ್ಲ. ಮೊದಲನೆಯ ದಿನ ಡೇರೆಯಲ್ಲಿ ತಮ್ಮನ ಮುಖ ಕಂಡು ನೀಲವ್ವ ಎದ್ದು ನಿಂತುಬಿಟ್ಟಿದ್ದಳು. ಹಿಂದಿನವರು ಬೈದು ಕೂಡಿಸಿದರು. ಏಳು ಎಣಿಸುವಷ್ಟು ಹೊತ್ತು ಅವನು ಕಾಣುತ್ತಿದ್ದ. ಅಷ್ಟರಲ್ಲೇ ಒಮ್ಮೆ ತಲೆಯೆತ್ತಿ ನೆಟ್ಟಗೆ ನೋಡುವನು.

"ನನ್ನ ನೋಡತಾನ್ರಿ," ಎಂದಳು. "ಅಂವಗ ಗೊತ್ತೈತಿ, ನಾ ಬಂದು ಕುಂದರತೀನಿ ಅಂತ."

ಮನೆಯಲ್ಲಿ ಅವನದೊಂದು ಫೋಟೋ ಕೂಡ ಇರಲಿಲ್ಲ. ತಾಯಿಯನ್ನು ಎತ್ತಿಕೊಂಡು ಹೋಗಿ ಡೇರೆಯಲ್ಲಿ ಕೂಡಿಸುತ್ತೇವೆಂದರೆ ಮುದುಕಿ ಒಪ್ಪಲಿಲ್ಲ. "ಮಂದಿ ಮುಂದ ಕುಂತು ಮಗನ್ನ ನೋಡಿ ಅಳಾಕ ನನಗ ಆಗೂದಿಲ್ಲ. ಅವನ್ನ ಮನಿಗೆ ಕರಕೊಂಡು ಬರ್ರಿ," ಎಂದು ಗೋಡೆ ಕಡೆ ಹೊರಳಿ ಮಲಗಿದಳು.

ಕರೆದುಕೊಂಡು ಬರಲು ಒಂದು ದಾರಿ ಇತ್ತು. ಡೇರೆಯ ಬಾಗಿಲಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಚಿತ್ರದ ಫೋಟೋಗಳನ್ನು ಹಚ್ಚಿದ್ದರು. ಅವುಗಳಲ್ಲಿ ಒಂದು ಸಂತೆಯದು. ಬಳೆ, ಹಿರೇ ಮಗ, ಹಿಂದೆ ತಕ್ಕಡಿ ಹಿಡಿದ ಮಲ್ಲೇಶಿ. ನಾವು ಕೇಳಿದರೂ ಡೇರೆಯ ಮಾಲಕ ಅದನ್ನು ಕೊಡಲಿಲ್ಲ. ಆದರೆ ಚಾಲಾಕಿ ಮನುಷ್ಯ. ಮಳೆಗಾಲಕ್ಕೆ ಡೇರೆ ಕೀಳುವ ಮುಂಚೆ ನೀಲವ್ವನಿಗೂ ರುದ್ರಪ್ಪನಿಗೂ ಒಂದು ದೊಡ್ಡ ಸವಾಲಿನ ಪಂದ್ಯ ಇಡುತ್ತೇನೆ, ಗೆದ್ದವರು ಪೆಟ್ಟಿಗೆಯಿಂದ ಬೇಕಾದ ಫೋಟೋ ಆರಿಸಿಕೊಳ್ಳಬಹುದು ಎಂದು ಡಂಗುರ ಸಾರಿಸಿದ. ರುದ್ರಪ್ಪನಿಗೂ ಅದೇ ಸಂತೆಯ ಫೋಟೋ ಬೇಕಿತ್ತು, ಹಿರೇ ಮಗನ ಕೋಟಿನ ಹೊಲಿಗೆ ಅದರಲ್ಲಿ ಚೆನ್ನಾಗಿ ಕಾಣುತ್ತಿತ್ತು. ಪ್ರಶ್ನೆ ಬರೆಯಲು, ತೀರ್ಪು ಕೊಡಲು ಊರಿನ ಶಾಲೆಯ ಅಕ್ಕೋರೇ ಆಗಬೇಕೆಂದರು. ನನಗೂ ಹಿಗ್ಗೇ ಆಯಿತು.

ಪರೀಕ್ಷೆಯ ಪೇಪರು ತಿದ್ದಿ ಮುಗಿಸಿದ್ದೆ, ಕೆಂಪು ಮಸಿ ಇನ್ನೂ ಕೈಯಲ್ಲಿತ್ತು. ಆಧಾರವಿಲ್ಲದೆ ತೀರ್ಪು ಕೊಡುವವಳು ನಾನಲ್ಲವೆಂದು ಬಸ್ಸಿನ ಕಂಡಕ್ಟರನಿಗೆ ಹೇಳಿ ಹುಬ್ಬಳ್ಳಿಯಿಂದ ಆ ಚಿತ್ರದ ಹಾಡಿನ ಪುಸ್ತಕ ತರಿಸಿದೆ. ಆಗ ಪ್ರತಿ ಚಿತ್ರಕ್ಕೂ ಅಂಥದೊಂದು ತೆಳ್ಳನೆಯ ಪುಸ್ತಕ ಬರುತ್ತಿತ್ತು. ಮೊದಲ ಪುಟದಲ್ಲಿ ಕಥೆಯ ಸಾರಾಂಶ, ಆಮೇಲೆ ಹಾಡು. ಸಾರಾಂಶ ಓದುತ್ತ ಒಂದು ಕಡೆ ನಿಂತೆ. ಕಿರಿಯ ಮಗ ಸುಗ್ಗಿಗೆಂದು ಮನೆಗೆ ಬರುತ್ತಾನೆ, ಅಣ್ಣನೊಡನೆ ಜಗಳವಾಗಿ ಟ್ರಂಕು ಹಿಡಿದು ಹೊರಟುಹೋಗುತ್ತಾನೆ, ಮರಳಿ ಬರುವುದಿಲ್ಲ ಎಂದಿತ್ತು.

ನಮ್ಮ ಡೇರೆಯಲ್ಲಿ ನಾವು ನೋಡಿದ್ದು ಹಾಗಲ್ಲ. ಮೊದಲು ಜಗಳವಾಡಿ ಹೋಗುವನು. ಮುಂದಿನ ಡಬ್ಬಿಯಲ್ಲಿ ಟ್ರಂಕು ಹಿಡಿದು ನಗುತ್ತ ಬಂದು, ತಾಯಿಯ ಕೈಯಿಂದ ರೊಟ್ಟಿ ತಿನ್ನುವನು. ಅಲ್ಲಿ ಡೇರೆಯ ಅರ್ಧ ಜನ ಅಳುತ್ತಿದ್ದರು. ಆಮೇಲೆ ಚಿತ್ರ ಮುಗಿಯುವವರೆಗೆ ಅವನು ಒಂದು ಸಲವೂ ಕಾಣುವುದಿಲ್ಲ. ಅದಕ್ಕೆ ನಮ್ಮೂರವರು ತಲೆ ಕೆಡಿಸಿಕೊಂಡಿರಲಿಲ್ಲ. ಯಾರಾದರೂ ಕೇಳಿದರೆ ಉತ್ತರ ಸಿದ್ಧವಿತ್ತು: "ಮನಿಗೆ ಬಂದಾನಲ್ಲ, ಹೊಲಕ್ಕ ಹೋಗಿರ್ತಾನ. ದಿನಾ ಅವನ್ನೇನು ತೋರಸ್ತಾರ?" ಕೊನೆಯಲ್ಲಿ ತಾಯಿ ಹೊಸ್ತಿಲಲ್ಲಿ ನಿಂತು ದಾರಿ ನೋಡುವುದು ಹೊಲದಿಂದ ಮಗ ಊಟಕ್ಕೆ ಬರಲೆಂದು.

ನಾನೂ ನಾಲ್ಕು ಸಲ ಹಾಗೆಯೇ ನೋಡಿದ್ದೆ. ಆದರೂ ಪುಸ್ತಕ ಕಂಡೊಡನೆ ನನ್ನ ಕಣ್ಣಿನ ಮೇಲಿನ ನಂಬಿಕೆ ಹೋಯಿತು. ಎಲ್ಲೋ ನಾವೆಲ್ಲ ಹಿಂದುಮುಂದಾಗಿ ನೆನಪಿಟ್ಟಿದ್ದೇವೆ, ನಿಜವಾಗಿ ಗಮನವಿಟ್ಟು ನೋಡಿದವರಿಗೆ ಮಾತ್ರ ಗೊತ್ತಿರುತ್ತದೆ, ಎಂಥ ಒಳ್ಳೆಯ ಕಠಿಣ ಪ್ರಶ್ನೆ ಸಿಕ್ಕಿತು ಎಂದು ಅದನ್ನೂ ಒಂದು ಚೀಟಿಯಲ್ಲಿ ಬರೆದು ಮಡಚಿದೆ. ಆ ಜಾಣತನಕ್ಕೆ ಇವತ್ತಿಗೂ ನನ್ನ ಕೈ ಕಡಿದುಕೊಳ್ಳಬೇಕೆನಿಸುತ್ತದೆ.

ಪಂದ್ಯ ನಡೆದದ್ದು ರವಿವಾರ ಇಳಿಹೊತ್ತಿನಲ್ಲಿ, ಡೇರೆಯೊಳಗೇ. ನಡುವಿನ ಅರಿವೆ ಹಾಗೇ ಇತ್ತು. ತಲೆಗೊಂದರಂತೆ ಚೀಟಿ ಎತ್ತುವುದು, ಮೊದಲು ತಪ್ಪಿದವರು ಸೋತಂತೆ. ಒಂಬತ್ತು ಸುತ್ತು ಇಬ್ಬರೂ ಸೋಲಲಿಲ್ಲ. ಹತ್ತನೆಯ ಸುತ್ತಿನಲ್ಲಿ ನೀಲವ್ವ ಎತ್ತಿದ ಚೀಟಿ ಬಿಚ್ಚಿ ನಾನು ಓದಿದೆ: ಜಗಳವಾಡಿ ಮನೆ ಬಿಟ್ಟುಹೋದ ಕಿರಿಯ ಮಗ ಮುಂದೆ ಮನೆಗೆ ಬರುತ್ತಾನೆಯೇ, ಇಲ್ಲವೇ?

ನೀಲವ್ವನ ಮುಖ ಅರಳಿತು. ಇಷ್ಟು ಸುಲಭದ ಪ್ರಶ್ನೆ ತನಗೆ ಸಿಕ್ಕಿತಲ್ಲ ಎಂದುಕೊಂಡಿರಬೇಕು. "ಬರ್ತಾನ್ರೀ ಅಕ್ಕೋರ. ಬಂದು ರೊಟ್ಟಿ ತಿಂತಾನ."

"ತಪ್ಪು," ಎಂದೆ.

ಡೇರೆಯೆಲ್ಲ ಗುಜುಗುಜು ಶುರುವಾಯಿತು. ಗಂಡಸರ ಕಡೆಯಿಂದ ರುದ್ರಪ್ಪನೇ ಎದ್ದು, "ಏನ್ರೀ ಅಕ್ಕೋರ, ಬಂದಾನಲ್ರಿ. ನಾವೆಲ್ಲಾರೂ ನೋಡೀವಿ," ಎಂದ. ನಾನು ಪುಸ್ತಕ ತೆರೆದು, ಗಟ್ಟಿಯಾಗಿ, ಶಾಲೆಯಲ್ಲಿ ಓದುವಂತೆ ಓದಿದೆ. ಅಚ್ಚಾದದ್ದನ್ನು ಕೇಳಿ ರುದ್ರಪ್ಪ ಕೂತುಬಿಟ್ಟ. ನೀಲವ್ವ ನನ್ನ ಮುಖ ನೋಡಿದಳು, ಪುಸ್ತಕ ನೋಡಿದಳು. ಸೆರಗು ಸರಿ ಮಾಡಿಕೊಂಡು ಎದ್ದು ಮನೆಗೆ ಹೋದಳು. ಮಾಲಕ ಗಾಜಿನ ಪೆಟ್ಟಿಗೆ ತೆರೆದು ಸಂತೆಯ ಫೋಟೋ ರುದ್ರಪ್ಪನ ಕೈಗೆ ಕೊಟ್ಟ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಆ ತುತ್ತನ್ನು ತಟ್ಟಿ ಬೀಳಿಸಿದವಳು ನಾನು.

ರುದ್ರಪ್ಪ ಅದೇ ಸಂಜೆ ಫೋಟೋ ತಂದು, "ತಗೋಬೇ ನೀಲವ್ವ, ನಿನ್ನ ತಮ್ಮ ಅದಾನ ಇದರಾಗ," ಎಂದರೆ ಅವಳು ಮುಟ್ಟಲಿಲ್ಲ. "ಗೆದ್ದು ತರತಿದ್ನಿ. ಬೇಡಿ ತರಾಂಗಿಲ್ಲ. ನೀನಽ ಇಟಗೋ." ನನ್ನೊಡನೆ ಮಾತು ಬಿಡಲಿಲ್ಲ. ಅಂದೂ ಎಂದಿನಂತೆ ಒಂದು ರೊಟ್ಟಿ, ಪಲ್ಯ ತಂದು ನನ್ನ ಖೋಲಿಯಲ್ಲಿಟ್ಟಳು. ಬೈದಿದ್ದರೆ ನನಗೆ ಊಟ ಸೇರುತ್ತಿತ್ತು.

ಮರುದಿನ ಮುಂಜಾನೆ ಬಾಬುಸಾಬ್ ಎರಡು ಡಬ್ಬಿಗಳನ್ನು ಬಗಲಲ್ಲಿ ಇಟ್ಟುಕೊಂಡು ನಮ್ಮ ಕಟ್ಟೆಗೆ ಬಂದ. ನಾನು ನೀಲವ್ವ ಇಬ್ಬರೂ ಅಲ್ಲೇ ಇದ್ದೆವು.

"ಅಕ್ಕೋರ, ತಪ್ಪು ನಂದು," ಎಂದ. ಹುಬ್ಬಳ್ಳಿಯಿಂದ ಬರುವಾಗಲೇ ಏಳನೆಯ ಡಬ್ಬಿಯ ಮುಚ್ಚಳ ಎಂಟಕ್ಕೆ, ಎಂಟರದು ಏಳಕ್ಕೆ ಬಿದ್ದಿತ್ತು. ಅವನು ಮುಚ್ಚಳದ ಮೇಲಿನ ನಂಬರು ನೋಡಿ ಹಚ್ಚುತ್ತ ಬಂದಿದ್ದ. ನನ್ನ ತೀರ್ಪು ಕೇಳಿ ಸಂಶಯ ಬಂದು, ರಾತ್ರಿ ರೀಲಿನ ತುದಿಯಲ್ಲಿ ಗೀಚಿದ ಸಣ್ಣ ನಂಬರು ನೋಡಿದ್ದಾನೆ. "ನೀಲವ್ವ ನೋಡಿದ್ದು ಖರೇ ಐತ್ರಿ. ನಿಮ್ಮ ಪುಸ್ತಕಾನೂ ಖರೇ ಐತಿ. ಹಚ್ಚಿದಾಂವ ನಾ, ಹಿಂದಮುಂದ ಹಚ್ಚೀನಿ."

ಸುದ್ದಿ ಊರೆಲ್ಲ ಹಬ್ಬಲು ಒಂದು ತಾಸು ಸಾಕಾಯಿತು. ರುದ್ರಪ್ಪ ಹೊಲಿಗೆ ಬಿಟ್ಟು ಓಡಿಬಂದ. ಫೋಟೋ ಕಟ್ಟೆಯ ಮೇಲಿಟ್ಟು, "ಈಗ ಬೇಡೂದೇನಿಲ್ಲ. ನಮ್ಮ ಡೇರೇದಾಗಿನ ಪಿಕ್ಚರ್‌ಗೆ ನೀನಽ ಗೆದ್ದಿ," ಎಂದ. ಈ ಸಲ ಅವಳು ತೆಗೆದುಕೊಂಡಳು. ಸೆರಗಿನಿಂದ ಒರೆಸಿ ಒಳಗೆ ಒಯ್ದು ತಾಯಿಯ ಕೈಗೆ ಕೊಟ್ಟಳು. ಮುದುಕಿ ಅದನ್ನು ಹತ್ತಿರ ಹಿಡಿದು, ದೂರ ಹಿಡಿದು, ಬಹಳ ಹೊತ್ತು ನೋಡಿದಳು. "ತಕ್ಕಡಿ ಹಿಡಿಯಾಕ ಇನ್ನೂ ಬಂದಿಲ್ಲ ಇವಂಗ," ಎಂದಳು. ಆಮೇಲೆ ಎದೆಯ ಮೇಲಿಟ್ಟುಕೊಂಡು ಮಲಗಿದಳು.

ಇಲ್ಲಿಗೆ ಎಲ್ಲ ಸರಿಹೋಯಿತೆಂದು ನಾನು ಹಗುರಾದೆ. ಸಂಜೆ ನೀಲವ್ವ ಹುಣಸೆಹಣ್ಣಿನ ಮುಂದೆ ಕೂತವಳು ಕೈ ನಿಲ್ಲಿಸಿದಳು.

"ಹಂಗಾದ್ರ ಅಂವ ಬರೂದಽ ಇಲ್ಲೇನ್ರೀ, ಅಕ್ಕೋರ?"

"ಯಾರು?"

"ಟ್ರಂಕಿನಾಂವ."

"ಅದು ಪಿಕ್ಚರ್, ನೀಲವ್ವ," ಎಂದೆ.

"ಹೌದ್ರಿ. ಪಿಕ್ಚರ್," ಎಂದು ಮತ್ತೆ ಬೀಜ ತೆಗೆಯತೊಡಗಿದಳು.

ಆಗ ನನಗೆ ಅರ್ಥವಾಯಿತು. ಅವಳಿಗೆ ಫೋಟೋ ಕೊಡಿಸಿದ ಬಾಬುಸಾಬನ ಮಾತೇ ಅವಳ ಕೈಯಿಂದ ಬೇರೊಂದನ್ನು ಕಿತ್ತುಕೊಂಡಿತ್ತು. ದಿನವೂ ಮೂರನೆಯ ಡಬ್ಬಿಯಲ್ಲಿ ತಮ್ಮನನ್ನು ನೋಡಿ, ಮುಂದೆ ಟ್ರಂಕು ಹಿಡಿದವನು ಮನೆಗೆ ಬರುವುದನ್ನೂ ನೋಡಿ, ಆಮೇಲೆ ಅವಳು ಮನೆಗೆ ಬರುತ್ತಿದ್ದಳು. ಮೂರು ತಿಂಗಳು ಅವಳು ಆ ಬರುವಿಕೆಯ ಮೇಲೆಯೇ ಬದುಕಿದ್ದಳು. ನಾನು ಒಂದು ಚೀಟಿ ಬರೆಯದಿದ್ದರೆ ಡೇರೆ ಎದ್ದುಹೋಗುವವರೆಗೂ ಅವನು ಬರುತ್ತಲೇ ಇರುತ್ತಿದ್ದ.

ಕೊನೆಯ ಆಟಕ್ಕೆ ಆಕಾಶ ಕಪ್ಪಗಾಗಿತ್ತು. ಮೋಡ ಗುಡುಗುತ್ತಿದ್ದರೂ ಡೇರೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನೀಲವ್ವ ಬರುವುದಿಲ್ಲ ಎಂದಿದ್ದಳು, ನಾನೇ ಕೈ ಹಿಡಿದು ಕರೆತಂದೆ. ಆರನೆಯ ಡಬ್ಬಿ ಮುಗಿಯಿತು. ದೀಪ ಹತ್ತಿತು. ಅವತ್ತು ಯಾರೂ ಸವಾಲು ಹಾಕಲಿಲ್ಲ. ತಾಡಪತ್ರಿಯ ಗೂಡಿನಿಂದ ಬಾಬುಸಾಬ್ ಹೊರಗೆ ಬಂದು ನಿಂತ, ಎರಡು ಕೈಯಲ್ಲಿ ಎರಡು ಡಬ್ಬಿ.

"ಯಾವುದು ಹಚ್ಚಲಿ ಹೇಳ್ರಿ," ಎಂದ. "ಇವತ್ತ ಸರಿ ಹಚ್ಚಲ್ಯೋ?"

ಹೆಂಗಸರೆಲ್ಲ ನೀಲವ್ವನ ಕಡೆ ನೋಡಿದರು. ಅವಳು ತಲೆ ಎತ್ತಲಿಲ್ಲ. ಅರಿವೆಯ ಆ ಕಡೆಯಿಂದ ರುದ್ರಪ್ಪನ ದನಿ ಬಂತು.

"ಏ ಬಾಬುಸಾಬ್, ಹೆಂಗ ನೋಡಕೋತ ಬಂದೀವಿ ಹಂಗ ತೋರಸಪಾ. ಹುಡುಗ ಮನಿಗೆ ಬರ್ಲಿ."

"ಹೌದು, ಬರ್ಲಿ," ಎಂದು ನಾಲ್ಕು ಕಡೆಯಿಂದ ದನಿಗೂಡಿತು. ಬಾಬುಸಾಬ್ ತಲೆಯಾಡಿಸಿ ಒಳಗೆ ಹೋದ.

ಎಲ್ಲ ಗೊತ್ತಿದ್ದೂ ಡೇರೆಯೆಲ್ಲ ಉಸಿರು ಹಿಡಿದು ನೋಡಿತು. ಅವನು ಜಗಳವಾಡಿ ಹೋದ. ದೀಪ ಹತ್ತಿತು, ಆರಿತು. ಅವನು ಟ್ರಂಕು ಹಿಡಿದು ನಗುತ್ತ ಬಂದ. ತಾಯಿ ರೊಟ್ಟಿ ಮುರಿದು ಬಾಯಿಗಿಟ್ಟಳು. ನನ್ನ ಪಕ್ಕದಲ್ಲಿ ನೀಲವ್ವ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಆ ಡಬ್ಬಿ ಮುಗಿದು ದೀಪ ಹತ್ತಿದಾಗ ಹನಿ ಬೀಳಲು ಶುರುವಾಗಿತ್ತು, ಡೇರೆಯ ಮೇಲೆ ಟಪಟಪ ಸದ್ದು. ಅದರ ನಡುವೆ ನೀಲವ್ವ ಅರಿವೆಯ ಆ ಕಡೆಗೆ ಒಂದು ಸವಾಲು ಹಾಕಿದಳು.

"ಈಗ ಅಂವ ಎಲ್ಲಿ ಅದಾನ, ಹೇಳ್ರಿ?"

ಗಂಡಸರ ಕಡೆಯವರೆಲ್ಲ ಒಟ್ಟಿಗೇ ಜವಾಬು ಕೊಟ್ಟರು.

"ಹೊಲಕ್ಕ ಹೋಗ್ಯಾನ."

ಜೂನಿನಲ್ಲಿ ನನಗೆ ಕುಂದಗೋಳದ ಕಡೆ ವರ್ಗವಾಯಿತು. ಎರಡು ವರ್ಷ ನೀಲವ್ವನಿಗೆ ಕಾಗದ ಬರೆದೆ. ರುದ್ರಪ್ಪ ಓದಿ ಹೇಳಿ, ಅವಳು ಹೇಳಿದ್ದನ್ನು ತಿರುಗಿ ಬರೆಯುತ್ತಿದ್ದ. ಹುಣಸೆಹಣ್ಣು ಈ ವರ್ಷ ಚಲೋ ಬಂದೈತಿ, ಅವ್ವ ತೀರಿಕೊಂಡಳು, ಫೋಟೋ ಎದೆ ಮ್ಯಾಲೆನ ಇತ್ತು. ಮಲ್ಲೇಶಿಯ ಸುದ್ದಿ ನಾನೂ ಕೇಳಲಿಲ್ಲ, ಅವಳೂ ಬರೆಸಲಿಲ್ಲ. ಆಮೇಲೆ ಕಾಗದ ನಿಂತವು. ಬರುತ್ತೇನೆ, ಮುಂದಿನ ಬೇಸಿಗೆಗೆ ಬರುತ್ತೇನೆ ಎನ್ನುತ್ತಲೇ ನನ್ನ ಕೂದಲು ಬೆಳ್ಳಗಾಯಿತು. ಧಾರವಾಡದಿಂದ ಒಂದು ತಾಸಿನ ದಾರಿ ಇದು. ಅವಳನ್ನು ನೋಡಬೇಕೆನಿಸಿದಾಗಲೆಲ್ಲ ಬಸ್ಸು ಹತ್ತಬಹುದಿತ್ತು. ಹತ್ತಲಿಲ್ಲ. ಈಗ ಆ ಹಳಹಳಿ ಹೋಗುವುದಿಲ್ಲ.

ಚಹಾದಂಗಡಿಯವನು ಕಪ್ಪು ಕೊಡುತ್ತ ನನ್ನ ಮುಖವನ್ನೇ ನೋಡಿದ. ಅರವತ್ತು ದಾಟಿದವನು. "ನೀವು ಇಲ್ಲೆ ಸಾಲಿ ಅಕ್ಕೋರಾಗಿದ್ರೇನ್ರಿ?" ಎಂದ.

"ಹೌದು. ಒಂದು ವರ್ಷ."

"ನೀಲವ್ವನ ಮನ್ಯಾಗ ಇದ್ರಿ. ಆಕಿ ಹೋಗಿ ಹತ್ತು ವರ್ಷಾತು, ಪಾಪ."

ಇನ್ನೊಂದು ಮಾತು ಕೇಳಿದ್ದರೆ ಉಳಿದದ್ದನ್ನೂ ಅವನು ಹೇಳುತ್ತಿದ್ದ. ಮಲ್ಲೇಶಿ ಬಂದನೋ, ಇಲ್ಲವೋ ಅವನಿಗೆ ಗೊತ್ತೇ ಇರುತ್ತಿತ್ತು. ನಾಲಿಗೆಯ ತುದಿಗೆ ಬಂದದ್ದನ್ನು ಚಹಾದೊಡನೆ ನುಂಗಿದೆ.

ಮಳೆ ಸಣ್ಣಗಾಯಿತು. ಶ್ರಾವಣಿ ಮತ್ತೆ ಮೊಬೈಲು ಹಿಡಿದಳು. ಏಳನೆಯ ಪ್ರಶ್ನೆ ಹಾಗೇ ಕಾಯುತ್ತಿತ್ತು: ಜಗಳದ ನಂತರ ಮನೆ ಬಿಟ್ಟ ಕಿರಿಯ ಮಗ ಮುಂದೇನಾಗುತ್ತಾನೆ? ಕೆಳಗೆ ಎರಡು ಉತ್ತರ: ಮನೆಗೆ ಬರುತ್ತಾನೆ, ಮನೆಗೆ ಬರುವುದಿಲ್ಲ. ಅವಳ ಕೈಯಿಂದ ತೆಗೆದುಕೊಂಡು ಈ ಸಲ ನಾನೇ ಒತ್ತಿದೆ. ಪರದೆಯ ಮೇಲೆ ಕೆಂಪು ಗುರುತು ಬಿತ್ತು.

"ಅಯ್ಯ ಅಜ್ಜಿ, ತಪ್ಪಾತು," ಎಂದಳು. "ಅಂವ ಮನಿಗೆ ಬರೂದಽ ಇಲ್ಲಂತ."

"ಬಂದಾನವಾ," ಎಂದೆ. "ಹೊಲಕ್ಕ ಹೋಗ್ಯಾನ."